ಎಚ್‌ಓ ವ್ಯಾಗನ್‌ಗಳಿಗೆ ಲೋಹದ ಚಕ್ರ: ಅಚ್ಚಿನ ಅಳತೆ, ಟ್ರಕ್ಕಿನ ಕುಳಿ ಮತ್ತು ಉಳಿದ ತೊಡಕುಗಳು

ಕುವೆಂಪುನಗರದ ಹಳಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನ ಭಾವನವರು ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಯಲ್ಲಿದ್ದಾಗ ಒಂದೊಂದಾಗಿ ಕೊಂಡು, ಕಿಟ್‌ಗಳನ್ನು ತಾವೇ ಜೋಡಿಸಿ ಇಟ್ಟುಕೊಂಡಿದ್ದ 22 ಎಚ್‌ಓ (ನಿಜದ 87ರಲ್ಲಿ ಒಂದು ಪಾಲಿನ ಅಳತೆಯ ಮಾದರಿ ರೈಲು) ಸರಕು ವ್ಯಾಗನ್‌ಗಳು ಹೋದ ವರ್ಷ ಮೈಸೂರಿನ ನಮ್ಮ ಮನೆಗೆ ಬಂದವು. ಹೆಚ್ಚಿನವು 40 ಅಡಿಯ ಬಾಕ್ಸ್ ಕಾರ್‌ಗಳ (ಮುಚ್ಚಿದ ಪೆಟ್ಟಿಗೆಯಂಥ ವ್ಯಾಗನ್‌ಗಳ) ಮಾದರಿಗಳು. ಸರಕನ್ನು ಅಡಿಯಿಂದ ಸುರಿಯುವ ಆರು ದೊಡ್ಡ ಹಾಪರ್‌ಗಳು, ಎರಡು ಟ್ಯಾಂಕ್ ವ್ಯಾಗನ್‌ಗಳು ಮತ್ತು ನಮ್ಮ ಗಾರ್ಡಿನ ಡಬ್ಬಿಯನ್ನು ಹೋಲುವ ಒಂದು ಕೆಂಪು ಕಬೂಸ್ ಕೂಡ ಇವೆ. ಮಹಡಿಯ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಹಳಿ ಹಾಸಿದ್ದೇನೆ. ತಿರುವುಗಳು 18 ಇಂಚು ತ್ರಿಜ್ಯದವು. ಒಂದು ಬದಿಯಲ್ಲಿ ನೂರಕ್ಕೆ ಎರಡರಷ್ಟು ಏರು ಇದೆ. ವಿದ್ಯುತ್ತು ಹಳೆಯ ಪದ್ಧತಿಯ 12 ವೋಲ್ಟ್ ಡಿಸಿ.

ನನ್ನ ತೊಂದರೆ ಎರಡು ಬಗೆಯದು. ಒಂದನೆಯದಾಗಿ, ಎಂಜಿನ್ ಸಮತಟ್ಟಿನಲ್ಲಿ ಚೆನ್ನಾಗಿಯೇ ಎಳೆಯುತ್ತದೆಯಾದರೂ ಏರಿನಲ್ಲಿ ಒಂಬತ್ತು ವ್ಯಾಗನ್‌ಗಳಿಗೆ ಅದರ ಶಕ್ತಿ ಮುಗಿಯುತ್ತದೆ. ಹತ್ತನೆಯದನ್ನು ಕೊಂಡಿ ಹಾಕಿದರೆ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತವೆ. ಎರಡನೆಯದು ಕೊಳೆ. ಹಳಿಯನ್ನು ಭಾನುವಾರ ಒರೆಸಿದರೆ ಮುಂದಿನ ಶನಿವಾರದ ಹೊತ್ತಿಗೆ ಎಂಜಿನ್ ಬಿಕ್ಕುತ್ತಾ ಓಡುತ್ತದೆ. ಮೊನ್ನೆ ಒಂದು ಹಾಪರನ್ನು ಮಗುಚಿ ನೋಡಿದೆ. ಪ್ಲಾಸ್ಟಿಕ್ ಚಕ್ರದ, ಹಳಿಗೆ ತಾಗುವ ಓಡುಮೈಯ ಮೇಲೆ ಡಾಂಬರಿನಂಥ ಕರಿ ಪದರ ಉಂಗುರದ ಹಾಗೆ ಕೂತಿತ್ತು. ಹಲ್ಲುಕಡ್ಡಿಯ ತುದಿಯನ್ನು ಒತ್ತಿ ಹಿಡಿದು ಚಕ್ರವನ್ನು ಮೆಲ್ಲಗೆ ತಿರುಗಿಸಿದಾಗ ಆ ಪದರ ಪೆನ್ಸಿಲ್ ಹೆರೆದ ಸಿಪ್ಪೆಯಂತೆ ಸುರುಳಿಯಾಗಿ ಎದ್ದು ಬಂತು. ಎಂಟು ಚಕ್ರಗಳಿಂದ ಬಂದದ್ದು ಒಂದು ಸಾಸಿವೆ ಕಾಳಿನಷ್ಟು. ಮನೆಯಲ್ಲಿ ದಿನವೂ ಸಾಂಬ್ರಾಣಿ ಹಾಕುವ ರೂಢಿ ಇದೆ. ಅದರ ಹೊಗೆಯ ಪಾಲೂ ಇದರಲ್ಲಿ ಇರಬಹುದೆಂದು ನನ್ನ ಗುಮಾನಿ.

ಲೋಹದ ಚಕ್ರಗಳನ್ನು ಹಾಕಿದರೆ ಎರಡೂ ತೊಂದರೆಗಳು ಕಡಿಮೆಯಾಗುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಮುಂದಿನ ತಿಂಗಳು ಅಮೆರಿಕದಿಂದ ಬರುವ ಬಂಧುಗಳೊಬ್ಬರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವ ಅವಕಾಶವಿದೆ. 22 ವ್ಯಾಗನ್‌ಗಳಿಗೆ 88 ಅಚ್ಚುಗಳು (ಎರಡೆರಡು ಚಕ್ರಗಳಿರುವ ಆಕ್ಸಲ್‌ಗಳು) ಬೇಕು. ಆದರೆ 33 ಇಂಚಿನವು, 36 ಇಂಚಿನವು ಎಂಬ ಎರಡು ಅಳತೆಗಳಲ್ಲಿ ಯಾವುದನ್ನು ತರಿಸಬೇಕು, ನನ್ನ ಹಳೆಯ ಟ್ರಕ್‌ಗಳಲ್ಲಿ (ವ್ಯಾಗನ್ನಿನ ಅಡಿಯಲ್ಲಿ ಅಚ್ಚುಗಳನ್ನು ಹಿಡಿದಿರುವ ಚೌಕಟ್ಟುಗಳಲ್ಲಿ) ಅವು ಕೂರುತ್ತವೆಯೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ, ಎರಡೂ ಹಳಿಗಳಲ್ಲಿ ವಿದ್ಯುತ್ತು ಹರಿಯುವಾಗ ಲೋಹದ ಅಚ್ಚಿನಿಂದ ಶಾರ್ಟ್ ಆಗುವುದಿಲ್ಲವೆ ಎಂಬ ವಿಷಯಗಳಲ್ಲಿ ನನಗೆ ಸ್ಪಷ್ಟತೆ ಇಲ್ಲ. ಒಮ್ಮೆ ತರಿಸಿದ್ದನ್ನು ಹಿಂದಿರುಗಿಸುವ ದಾರಿ ಇಲ್ಲದ ಕಾರಣ ಅನುಭವಸ್ಥರು ದಯವಿಟ್ಟು ತಿಳಿಸಬೇಕು.

---

ಕೊಲಂಬಸ್ ಕನ್ನಡಿಗ (ಓಹಾಯೋ)

ನಮಸ್ಕಾರ ಸರ್. ಮೊದಲಿಗೆ ಒಂದು ವಿನಂತಿ: 88 ಅಚ್ಚುಗಳನ್ನು ಈಗಲೇ ತರಿಸಬೇಡಿ. ನಾನು ಎಂಟು ವರ್ಷದ ಹಿಂದೆ ನೂರು ಅಚ್ಚುಗಳ ಸಗಟು ಪೊಟ್ಟಣವನ್ನು ಒಮ್ಮೆಗೇ ಕೊಂಡು, ಅದರಲ್ಲಿ ಮೂವತ್ತಕ್ಕೂ ಹೆಚ್ಚು ನನ್ನ ಟ್ರಕ್‌ಗಳಿಗೆ ಹೊಂದದೆ ಇಂದಿಗೂ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ತಪ್ಪು ಚಕ್ರ ತಯಾರಿಸಿದವರದಲ್ಲ, ಅಳೆಯದೆ ಕೊಂಡ ನನ್ನದು.

ಅಳತೆಯ ವಿಷಯ ಸುಲಭ. 33 ಇಂಚು, 36 ಇಂಚು ಎನ್ನುವುದು ನಿಜವಾದ ರೈಲಿನ ಚಕ್ರದ ವ್ಯಾಸ. ಅದನ್ನು 87ರಿಂದ ಭಾಗಿಸಿದರೆ ಮಾದರಿಯಲ್ಲಿ ಕ್ರಮವಾಗಿ 9.6 ಮಿಲಿಮೀಟರ್ ಮತ್ತು 10.5 ಮಿಲಿಮೀಟರ್ ಬರುತ್ತದೆ. 40 ಅಡಿಯ ಬಾಕ್ಸ್ ಕಾರ್‌ಗಳಿಗೂ ಹಳೆಯ ಟ್ಯಾಂಕ್ ವ್ಯಾಗನ್‌ಗಳಿಗೂ 33 ಇಂಚಿನವು. ನೂರು ಟನ್ ಹೊರುವ ದೊಡ್ಡ ಹಾಪರ್‌ಗಳಿಗೂ ಪ್ರಯಾಣಿಕರ ಗಾಡಿಗಳಿಗೂ 36 ಇಂಚಿನವು. ಚೆನ್ನಾಗಿ ಕಾಣುತ್ತದೆಂದು ಬಾಕ್ಸ್ ಕಾರಿಗೆ ದೊಡ್ಡ ಚಕ್ರ ಹಾಕಿದರೆ ವ್ಯಾಗನ್ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಮೇಲೇಳುತ್ತದೆ. ಅಷ್ಟಕ್ಕೇ ಕಪ್ಲಿಂಗ್‌ಗಳ ಎತ್ತರ ತಪ್ಪಿ, ಏರಿನ ತಲೆಯಲ್ಲಿ ಕೊಂಡಿ ಕಳಚಿಕೊಳ್ಳುತ್ತದೆ.

ಹೆಚ್ಚಿನವರು ವ್ಯಾಸವನ್ನು ನೋಡಿ ಕೊಳ್ಳುತ್ತಾರೆ, ಅಚ್ಚಿನ ಉದ್ದವನ್ನು ನೋಡುವುದಿಲ್ಲ. ಅಚ್ಚಿನ ಎರಡು ತುದಿಗಳೂ ಸೂಜಿಮೊನೆಯಂತೆ ಇರುತ್ತವೆ; ಟ್ರಕ್ಕಿನ ಎರಡು ಪಕ್ಕಗಳ ಒಳಬದಿಯಲ್ಲಿ ಆ ಮೊನೆಗಳು ಕೂರುವ ಶಂಕುವಿನಾಕಾರದ ಕುಳಿಗಳಿರುತ್ತವೆ. ವ್ಯಾಗನ್ನಿನ ಭಾರವನ್ನೆಲ್ಲ ಹೊರುವುದು ಈ ನಾಲ್ಕು ಜೋಡಿ ಮೊನೆಗಳೇ. ಅಚ್ಚು ತುಸು ಗಿಡ್ಡವಾದರೆ ಮೊನೆಯು ಕುಳಿಯ ಇಳಿಜಾರಿನಲ್ಲಿ ಜಾರಿ, ವ್ಯಾಗನ್ ತುಸು ಕೆಳಗೆ ಕೂತು, ಚಕ್ರ ಅತ್ತಿತ್ತ ಓಲಾಡಿ ಟ್ರಕ್ಕಿನ ಪಕ್ಕಕ್ಕೆ ಉಜ್ಜುತ್ತದೆ. ತುಸು ಉದ್ದವಾದರೆ ಟ್ರಕ್ಕಿನ ಪಕ್ಕಗಳು ಹೊರಕ್ಕೆ ಬಾಗಿ, ಮೊನೆ ಕುಳಿಯ ತಳಕ್ಕೆ ಒತ್ತಿ, ಬ್ರೇಕ್ ಹಾಕಿದಂತಾಗುತ್ತದೆ. ಅಮೆರಿಕದ ಎಚ್‌ಓ ಸರಕು ಟ್ರಕ್‌ಗಳಿಗೆಂದು ಮಾರುವ ಅಚ್ಚುಗಳು ಸಾಮಾನ್ಯವಾಗಿ 25.8 ಮಿಲಿಮೀಟರಿನ ಆಸುಪಾಸಿನಲ್ಲಿ ಇರುತ್ತವೆ. ಯುರೋಪಿನ ತಯಾರಕರ ಅಚ್ಚುಗಳು ಹೆಚ್ಚಾಗಿ ಅದಕ್ಕಿಂತ ಒಂದು ಮಿಲಿಮೀಟರಿನಷ್ಟು ಗಿಡ್ಡ. ಬ್ರಿಟನ್ನಿನ ಓಓ ಅಳತೆಯಲ್ಲಿ 26 ಮಿಲಿಮೀಟರಿನದು ವಾಡಿಕೆ. ಮೂರೂ 16.5 ಮಿಲಿಮೀಟರಿನ ಹಳಿಯ ಮೇಲೆಯೇ ಓಡುತ್ತವೆಯಾದರೂ ಒಂದರ ಅಚ್ಚು ಇನ್ನೊಂದರ ಟ್ರಕ್ಕಿಗೆ ಹೊಂದುವುದಿಲ್ಲ.

ಆದ್ದರಿಂದ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು, ಈಗಿರುವ ಪ್ಲಾಸ್ಟಿಕ್ ಚಕ್ರಗಳ ಅಚ್ಚುಗಳನ್ನು ಮೊನೆಯಿಂದ ಮೊನೆಗೆ ಅಳೆಯಿರಿ. ಗಟ್ಟಿಯಾಗಿ ಅದುಮಬಾರದು, ಮೊನೆ ಮೊಂಡಾಗುತ್ತದೆ. ಒಂದೇ ಬಗೆಯ ಟ್ರಕ್ ಇರುವ ವ್ಯಾಗನ್‌ಗಳನ್ನು ಒಟ್ಟುಗೂಡಿಸಿಕೊಂಡರೆ ಪ್ರತಿ ಗುಂಪಿನಿಂದ ಎರಡು ಮೂರು ಅಚ್ಚುಗಳನ್ನು ಅಳೆದರೂ ಸಾಕಾಗುತ್ತದೆ. ಆಮೇಲೆ ಹನ್ನೆರಡು ಅಚ್ಚುಗಳ ಒಂದೊಂದು ಪೊಟ್ಟಣವನ್ನು ಎರಡು ಬೇರೆ ತಯಾರಕರಿಂದ ತರಿಸಿ. ಇಲ್ಲಿ ಕೇಡೀ ಮತ್ತು ಇಂಟರ್‌ಮೌಂಟನ್ ಚಕ್ರಗಳು ಎಲ್ಲೆಡೆ ಸಿಗುತ್ತವೆ. ಎರಡರಲ್ಲೂ 33 ಮತ್ತು 36 ಇಂಚಿನವು ಇವೆ. ಹೊಸ ಅಚ್ಚನ್ನು ಟ್ರಕ್ಕಿಗೆ ಕೂರಿಸಿದ ಮೇಲೆ ಅದು ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಾಡಬೇಕು. ಬೆರಳಿನಿಂದ ಮೆಲ್ಲಗೆ ಚಿಮ್ಮಿದಾಗ ಚಕ್ರ ಸರಾಗವಾಗಿ ಸುತ್ತಿ, ನಿಲ್ಲುವ ಮೊದಲು ಒಂದಿಷ್ಟು ಹಿಂದಕ್ಕೂ ಮುಂದಕ್ಕೂ ತೂಗಿದರೆ ಜೋಡಿ ಕೂಡಿಬಂದಿದೆ ಎಂದೇ ಅರ್ಥ.

ಕುಳಿಯನ್ನು ಸ್ವಚ್ಛಗೊಳಿಸಲು ಅಚ್ಚಿನಷ್ಟೇ ಉದ್ದದ, ಎರಡೂ ತುದಿಯಲ್ಲಿ ಹರಿತವಾದ ಶಂಕುವಿರುವ ಒಂದು ಪುಟ್ಟ ಉಪಕರಣ ಸಿಗುತ್ತದೆ. ಇದನ್ನು ಟ್ರಕ್ ಟ್ಯೂನರ್ ಎನ್ನುತ್ತಾರೆ. ಅಚ್ಚಿನ ಜಾಗದಲ್ಲಿ ಅದನ್ನು ಕೂರಿಸಿ ಎರಡು ಮೂರು ಸುತ್ತು ತಿರುಗಿಸಿದರೆ ಕುಳಿಯಲ್ಲಿ ಉಳಿದಿರುವ ಎರಕದ ಚೂರು, ಹಳೆಯ ಎಣ್ಣೆ ಮತ್ತು ಧೂಳು ಹೊರಬರುತ್ತವೆ. ನಾಲ್ಕನೆಯ ಸುತ್ತಿನ ಆಸೆ ಬೇಡ. ಕುಳಿ ಆಳವಾದರೆ ಸರಿಯಿದ್ದ ಅಚ್ಚೂ ಗಿಡ್ಡವಾಗುತ್ತದೆ. ಎಣ್ಣೆಯನ್ನಂತೂ ಬಿಡಬೇಡಿ, ಅದು ಧೂಳನ್ನು ಕರೆದು ಕೂರಿಸುತ್ತದೆ. ಅಗತ್ಯ ಕಂಡರೆ ಚಿಟಿಕೆ ಗ್ರಾಫೈಟ್ ಪುಡಿ ಸಾಕು.

ಈಗ ನಿಮ್ಮ ಏರಿನ ಲೆಕ್ಕಕ್ಕೆ ಬರೋಣ. ಒಂದು ಮೀಟರ್ ಉದ್ದದ ನೇರ ಹಲಗೆಗೆ ಹಳಿಯ ತುಂಡನ್ನು ಅಂಟಿಸಿ, ಮೇಲೆ ವ್ಯಾಗನ್ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ವ್ಯಾಗನ್ ತಾನಾಗಿ ಉರುಳಲು ಶುರುವಾದಾಗಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ನನ್ನ ಒಂದು ಹಳೆಯ ಬಾಕ್ಸ್ ಕಾರ್ ಪ್ಲಾಸ್ಟಿಕ್ ಚಕ್ರಗಳಲ್ಲಿ 35 ಮಿಲಿಮೀಟರಿಗೆ ಉರುಳಿತ್ತು. ಚಕ್ರ ಬದಲಿಸಿ ಕುಳಿ ಸ್ವಚ್ಛ ಮಾಡಿದ ಮೇಲೆ 18ಕ್ಕೇ ಉರುಳಿತು. ಅಂದರೆ ಸಮತಟ್ಟಿನಲ್ಲಿ ಅದನ್ನು ಎಳೆಯಲು ಬೇಕಾದ ಬಲ ಮೊದಲು ತೂಕದ ನೂರಕ್ಕೆ 3.5ರಷ್ಟು, ಈಗ 1.8ರಷ್ಟು. ನಿಮ್ಮ ಏರಿನ ಎರಡನ್ನು ಇದಕ್ಕೆ ನೇರವಾಗಿ ಕೂಡಿಸಿ: 5.5 ಮತ್ತು 3.8. ಐದೂವರೆಯ ಲೆಕ್ಕದಲ್ಲಿ ಒಂಬತ್ತು ವ್ಯಾಗನ್ ಎಳೆದ ಎಂಜಿನ್ ಮೂರು ಮುಕ್ಕಾಲು ಚಿಲ್ಲರೆಯ ಲೆಕ್ಕದಲ್ಲಿ ಹದಿಮೂರನ್ನು ಎಳೆಯಬೇಕು. ಸಮತಟ್ಟಿನಲ್ಲಿ ಸುಮಾರು ಇಮ್ಮಡಿ ಸಿಗುವ ಲಾಭ ಏರಿನಲ್ಲಿ ಅಷ್ಟು ಸಿಗುವುದಿಲ್ಲ. ಏರಿನ ಪಾಲನ್ನು ಯಾವ ಚಕ್ರವೂ ಕಡಿಮೆ ಮಾಡಲಾರದು.

ಶಾರ್ಟ್ ಬಗ್ಗೆ ಚಿಂತೆ ಬೇಡ. ಎರಡು ಹಳಿಯ ಪದ್ಧತಿಗೆಂದು ಮಾರುವ ಚಕ್ರಜೋಡಿಗಳಲ್ಲಿ ಕನಿಷ್ಠ ಒಂದು ಚಕ್ರವನ್ನಾದರೂ ಅಚ್ಚಿನಿಂದ ಪ್ಲಾಸ್ಟಿಕ್ ಬುಷ್ (ನಡುವೆ ಕೂರುವ ಪುಟ್ಟ ಬಳೆ) ಹಾಕಿ ಬೇರ್ಪಡಿಸಿರುತ್ತಾರೆ. ಮೆರ್ಕ್ಲಿನ್‌ನ ಮೂರು ಹಳಿಯ ಪದ್ಧತಿಯ ಚಕ್ರಗಳು ಮಾತ್ರ ಹಾಗಲ್ಲ. ಅಗ್ಗಕ್ಕೆ ಸಿಕ್ಕವೆಂದು ಅವನ್ನು ಕೊಂಡರೆ ಹಳಿಯ ಮೇಲಿಟ್ಟ ಕ್ಷಣವೇ ಶಾರ್ಟ್ ಆಗುತ್ತದೆ.

---

ನಿವೃತ್ತ ಟಿಎಕ್ಸ್‌ಆರ್ (ಹುಬ್ಬಳ್ಳಿ)

ಕೊಲಂಬಸ್‌ನವರು ಅಚ್ಚಿನ ಉದ್ದದ ಬಗ್ಗೆ ಬರೆದದ್ದು ಸರಿಯಾಗಿದೆ. ಟಿಎಕ್ಸ್‌ಆರ್, ಅಂದರೆ ರೈಲ್ವೆಯ ಗಾಡಿ ಪರೀಕ್ಷಕನಾಗಿ ಮೂವತ್ತು ಚಿಲ್ಲರೆ ವರ್ಷ ನಿಜವಾದ ವ್ಯಾಗನ್‌ಗಳ ಅಡಿಯಲ್ಲಿ ಬಗ್ಗಿ ನೋಡಿದವನಾಗಿ ನಾನು ಇನ್ನೊಂದು ಅಳತೆಯನ್ನು ಸೇರಿಸಬಯಸುತ್ತೇನೆ. ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರವನ್ನು ನಾವು ವೀಲ್ ಗೇಜ್ ಎನ್ನುತ್ತಿದ್ದೆವು. ನಮ್ಮ ಬ್ರಾಡ್ ಗೇಜಿನಲ್ಲಿ ಹಳಿಗಳ ನಡುವೆ 1676 ಮಿಲಿಮೀಟರ್, ಚಕ್ರಗಳ ಒಳಮೈಗಳ ನಡುವೆ 1600 ಮಿಲಿಮೀಟರ್. ಈ 1600ರಲ್ಲಿ ಹೆಚ್ಚು ಕಡಿಮೆಯಾಗಲು ಎರಡು ಮಿಲಿಮೀಟರಿಗಿಂತ ಹೆಚ್ಚು ಸಡಿಲ ಕೊಡುತ್ತಿರಲಿಲ್ಲ. ಎಚ್‌ಓ ಮಾದರಿಯಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆಯ ಮಾನದಂಡದಂತೆ ಇದು ಸುಮಾರು 14.4 ಮಿಲಿಮೀಟರ್ ಇರಬೇಕು. ಆ ಸಂಸ್ಥೆ 1935ರಲ್ಲಿ ಹುಟ್ಟಿದ್ದೇ ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡಲೆಂದು. ಅವರು ಮಾರುವ ಲೋಹದ ತಗಡಿನ ಗೇಜ್ ಒಂದಿದ್ದರೆ ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಚಕ್ರ ಮೂರನ್ನೂ ನೋಡಬಹುದು. ಚಕ್ರಗಳ ಜೊತೆಗೆ ಅದನ್ನೂ ತರಿಸಿಕೊಳ್ಳಿ. ಚಕ್ರಗಳಿಗಿಂತ ಮೊದಲು ಅದನ್ನೇ ತರಿಸಿಕೊಳ್ಳಿ ಎಂದರೂ ತಪ್ಪಿಲ್ಲ.

ಹೊಸ ಪೊಟ್ಟಣದಿಂದ ತೆಗೆದ ಚಕ್ರಗಳು ಸರಿಯಾಗಿಯೇ ಇರುತ್ತವೆ ಎಂದು ನಂಬಬಾರದು. ಬುಷ್ ಮೇಲೆ ಚಕ್ರವನ್ನು ಒತ್ತಿ ಕೂರಿಸಿರುವುದರಿಂದ ಅದು ಸಾಗಣೆಯಲ್ಲಿಯೂ ಜಾರಬಹುದು. ಅಂತರ ಕಡಿಮೆಯಾದರೆ ಪಾಯಿಂಟಿನಲ್ಲಿ ಹಳಿಯ ಒಳಬದಿಗೆ ಕಾವಲಾಗಿ ಹಾಕಿದ ಚೆಕ್ ರೈಲಿನ ಮೇಲೆ ಫ್ಲ್ಯಾಂಜ್ (ಚಕ್ರದ ಒಳಬದಿಯ ಎತ್ತರದ ಅಂಚು) ಹತ್ತುತ್ತದೆ. ಹೆಚ್ಚಾದರೆ ಎದುರಿನ ಚಕ್ರದ ಫ್ಲ್ಯಾಂಜ್, ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗಿನ ಮೂತಿಗೆ ಹೋಗಿ ಬಡಿಯುತ್ತದೆ. ಎರಡರಲ್ಲೂ ಗಾಡಿ ಹಳಿ ತಪ್ಪುತ್ತದೆ, ಮತ್ತು ನೋಡುವವರು ಪಾಯಿಂಟನ್ನು ಬೈಯುತ್ತಾರೆ. ಸರಿಪಡಿಸಲು ಎರಡು ಚಕ್ರಗಳನ್ನೂ ಬೆರಳುಗಳಲ್ಲಿ ಹಿಡಿದು, ತಿರುಚುತ್ತಾ ಎಳೆಯಬೇಕು ಅಥವಾ ಒತ್ತಬೇಕು. ಅಚ್ಚಿನ ಮೊನೆಯನ್ನು ಮೇಜಿಗೆ ಊರಿ ಒತ್ತಿದರೆ ಅದು ಅಲ್ಲಿಗೇ ಮುಗಿಯಿತು. ಸರಿಸಿದ ಮೇಲೆ ಅಚ್ಚನ್ನು ಬೆರಳುಗಳ ನಡುವೆ ಉರುಳಿಸಿ, ಚಕ್ರ ಓಲಾಡುತ್ತದೆಯೋ ಎಂದು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಚಕ್ರದ ಓಡುಮೈ ಸಪಾಟಾಗಿರುವುದಿಲ್ಲ. ಫ್ಲ್ಯಾಂಜಿನ ಕಡೆ ದಪ್ಪ, ಹೊರಗಡೆ ಸಪೂರ. ನಮ್ಮಲ್ಲಿ ಅದಕ್ಕೆ ಇಪ್ಪತ್ತಕ್ಕೆ ಒಂದರ ಇಳಿಜಾರು. ಎನ್‌ಎಂಆರ್‌ಎಯ ಆರ್‌ಪಿ 25 ಎಂಬ ಚಕ್ರದ ಆಕಾರದಲ್ಲಿ ಮೂರು ಡಿಗ್ರಿ, ಅಂದರೆ ಹೆಚ್ಚು ಕಡಿಮೆ ಅಷ್ಟೇ. ಗಾಡಿ ಎಡಕ್ಕೆ ಸರಿದರೆ ಎಡಚಕ್ರದ ದಪ್ಪ ಭಾಗವೂ ಬಲಚಕ್ರದ ಸಪೂರ ಭಾಗವೂ ಹಳಿಯ ಮೇಲೆ ಬಂದು, ಅಚ್ಚು ತಾನಾಗಿ ನಡುವಿಗೆ ಮರಳುತ್ತದೆ. ಫ್ಲ್ಯಾಂಜ್ ಇರುವುದು ಇದೂ ಕೈಕೊಟ್ಟಾಗ ಕಾಯಲೆಂದು. ಮೈಸೂರಿನವರ ಚಕ್ರದ ಮೇಲೆ ಕೂತ ಕರಿ ಉಂಗುರ ಈ ಇಳಿಜಾರನ್ನೇ ಮುಚ್ಚಿಬಿಡುತ್ತದೆ. ಆಗ ಗಾಡಿ ತಿರುವಿನಲ್ಲಿ ಫ್ಲ್ಯಾಂಜನ್ನು ಹಳಿಗೆ ಉಜ್ಜುತ್ತಾ ಹೋಗುವುದರಿಂದ ಎಳೆತವೂ ಹೆಚ್ಚುತ್ತದೆ. ಆದರೆ ಮಾದರಿಗೂ ನಿಜಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಫ್ಲ್ಯಾಂಜುಗಳಿಗೂ ಹಳಿಗಳಿಗೂ ನಡುವೆ ಒಟ್ಟು 19 ಮಿಲಿಮೀಟರ್ ಆಟ ಇರುತ್ತಿತ್ತು. ಎಚ್‌ಓದಲ್ಲಿ ಅದು ಸುಮಾರು 0.6 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 50 ಮಿಲಿಮೀಟರ್ ದಾಟುತ್ತದೆ. ಹಾಗಿದ್ದ ನಿಜವಾದ ಗಾಡಿಯನ್ನು ನಾನು ಯಾರ್ಡಿನಿಂದ ಹೊರಗೆ ಬಿಡುತ್ತಿರಲಿಲ್ಲ.

ನಾನು ಮನೆಯಲ್ಲಿ ಐಸಿಎಫ್ (ಚೆನ್ನೈನ ಕೋಚ್ ಕಾರ್ಖಾನೆ) ಮಾದರಿಯ ಕೋಚುಗಳನ್ನು ಕಾರ್ಡ್‌ಬೋರ್ಡು ಮತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡುತ್ತೇನೆ. ಐಸಿಎಫ್ ಕೋಚಿನ ಹೊಸ ಚಕ್ರದ ವ್ಯಾಸ 915 ಮಿಲಿಮೀಟರ್; ಅದು ಸರಿಯಾಗಿ 36 ಇಂಚು. ಹೀಗಾಗಿ ಅಮೆರಿಕದ ಪ್ರಯಾಣಿಕರ ಗಾಡಿಗೆಂದು ಮಾರುವ 10.5 ಮಿಲಿಮೀಟರಿನ ಚಕ್ರ ನಮ್ಮ ಕೋಚಿಗೆ ಕಣ್ಣುಮುಚ್ಚಿ ಹಾಕುವಂತೆ ಹೊಂದುತ್ತದೆ. ನಮ್ಮ ತೆರೆದ ಸರಕು ವ್ಯಾಗನ್ ಬಾಕ್ಸ್‌ಎನ್‌ಗೆ ಮಾತ್ರ 1000 ಮಿಲಿಮೀಟರಿನ ಚಕ್ರ, ಮಾದರಿಯಲ್ಲಿ 11.5, ಅದಕ್ಕೆ ಸಮನಾದದ್ದು ಸುಲಭವಾಗಿ ಸಿಗುವುದಿಲ್ಲ. ಯಲಹಂಕದ ರೈಲು ಗಾಲಿ ಕಾರ್ಖಾನೆ (ಹಿಂದಿನ ಹೆಸರು ಗಾಲಿ ಮತ್ತು ಅಚ್ಚು ಕಾರ್ಖಾನೆ) 1984ರಿಂದ ನಮ್ಮ ರೈಲ್ವೆಗೆ ಎರಕದ ಉಕ್ಕಿನ ಚಕ್ರಗಳನ್ನು ಹೊಯ್ದುಕೊಡುತ್ತಿದೆ. ಅಲ್ಲಿಯವರು ಒಂದಷ್ಟು 11.5 ಮಿಲಿಮೀಟರಿನವನ್ನೂ ಹೊಯ್ದುಕೊಟ್ಟಿದ್ದರೆ ಎಂದು ಆಗಾಗ ಅನ್ನಿಸುವುದುಂಟು! ಬ್ರಾಡ್ ಗೇಜ್ 1:87ರಲ್ಲಿ 19 ಮಿಲಿಮೀಟರಿಗಿಂತ ಅಗಲವಾಗಬೇಕಿತ್ತು, ನಾವು 16.5ರಲ್ಲಿ ಓಡಿಸುತ್ತೇವೆ ಎಂಬ ಕಿರಿಕಿರಿ ಬೇರೆ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಕೊನೆಯದಾಗಿ ಪದದ ಬಗ್ಗೆ. ನೀವೆಲ್ಲ ಟ್ರಕ್ ಎನ್ನುವುದನ್ನು ರೈಲ್ವೆಯಲ್ಲಿ ಬೋಗಿ ಎನ್ನುತ್ತೇವೆ; ಜನ ಬೋಗಿ ಎನ್ನುವುದು ಇಡೀ ಕೋಚನ್ನು. ಗೊಂದಲ ಬೇಡವೆಂದು ನಾನೂ ಇಲ್ಲಿ ಟ್ರಕ್ ಎಂದೇ ಬರೆಯುತ್ತೇನೆ.

---

ಅರಸೀಕೆರೆ ಜಂಕ್ಷನ್ (ಬೆಂಗಳೂರು)

ಹಿರಿಯರಿಬ್ಬರ ಮಾತನ್ನೂ ಒಪ್ಪಿಕೊಂಡೇ ಸ್ವಲ್ಪ ಭಿನ್ನವಾದ ಅಭಿಪ್ರಾಯವನ್ನು ಹೇಳುತ್ತೇನೆ. ಲೋಹದ ಚಕ್ರ ಹಾಕಿದ ಕೂಡಲೆ ಕೊಳೆಯ ಕಾಟ ನಿಲ್ಲುತ್ತದೆ ಎಂಬುದನ್ನು ಪೂರ್ತಿ ನಂಬಬೇಡಿ. ಕೊಳೆ ಹುಟ್ಟುವುದು ಗಾಳಿಯ ಧೂಳು, ಎಂಜಿನ್ನಿನಿಂದ ಸೋರುವ ಎಣ್ಣೆ, ಎಂಜಿನ್ನಿನ ಚಕ್ರ ಮತ್ತು ಹಳಿಯ ನಡುವೆ ಹಾರುವ ಸಣ್ಣ ಕಿಡಿಗಳಿಂದ ಉಳಿಯುವ ಕಪ್ಪು, ಇಷ್ಟೂ ಸೇರಿದಾಗ. ಪ್ಲಾಸ್ಟಿಕ್ ಚಕ್ರ ಅದನ್ನು ಹಿಡಿದಿಟ್ಟುಕೊಂಡು ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ ಮತ್ತು ಊರೆಲ್ಲ ಹಂಚುತ್ತದೆ. ನಯವಾದ ಲೋಹದ ಮೈಗೆ ಅದು ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ಅಂಟಿದ್ದೂ ಒರೆಸಿದರೆ ಹೋಗುತ್ತದೆ. ಒರೆಸುವ ಕೆಲಸ ತಿಂಗಳಿಗೊಮ್ಮೆಗೆ ಇಳಿಯಬಹುದು, ತಪ್ಪುವುದಿಲ್ಲ. ನಾನು ಹಳಿಯ ಮೇಲೆ ಟಿಶ್ಯೂ ಕಾಗದವನ್ನು ಹಾಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ, ವ್ಯಾಗನ್ನನ್ನು ಅದರ ಮೇಲೆ ಹಿಂದೆ ಮುಂದೆ ಉರುಳಿಸುತ್ತೇನೆ. ಕಾಗದದ ಮೇಲೆ ಎರಡು ಕರಿ ಗೆರೆಗಳು ಮೂಡುತ್ತವೆ. ಗೆರೆ ಮಾಸುವವರೆಗೆ ಉರುಳಿಸಿದರೆ ಸಾಕು.

ಹಳೆಯ ಚಕ್ರಗಳನ್ನೆಲ್ಲ ತೆಗೆಯುವ ಮೊದಲು ತೂಕವನ್ನೂ ನೋಡಿ. ಎನ್‌ಎಂಆರ್‌ಎಯ ಶಿಫಾರಸಿನ ಪ್ರಕಾರ ಎಚ್‌ಓ ವ್ಯಾಗನ್ನಿಗೆ ಒಂದು ಔನ್ಸ್, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ತೂಕ ಇರಬೇಕು. 6 ಇಂಚು ಉದ್ದದ ಬಾಕ್ಸ್ ಕಾರಿಗೆ ಇದು 4 ಔನ್ಸ್, ಅಂದರೆ 113 ಗ್ರಾಂ. ಲೋಹದ ಚಕ್ರಗಳೇ ಒಂದಿಷ್ಟು ತೂಕವನ್ನು ಕೂಡಿಸುತ್ತವೆ, ಅದೂ ತೀರ ಕೆಳಗೆ, ಬೇಕಾದ ಜಾಗದಲ್ಲಿ. ಕಡಿಮೆ ಬಿದ್ದುದನ್ನು ತುಂಬಲು ನಾನು ಹಳೆಯ ದಪ್ಪ ಐದು ರೂಪಾಯಿ ನಾಣ್ಯಗಳನ್ನು ಬಳಸುತ್ತೇನೆ. ಒಂದೊಂದೂ 9 ಗ್ರಾಂ, ಬಾಕ್ಸ್ ಕಾರಿನ ನೆಲದಲ್ಲಿ ಸಲೀಸಾಗಿ ಕೂರುತ್ತವೆ, ಎರಡು ಬದಿಗೂ ಸಮವಾಗಿ ಹಂಚಲು ಅನುಕೂಲ. ಹಗುರವಾದ ವ್ಯಾಗನ್ ಗಾಡಿಯ ನಡುವೆ ಇದ್ದರೆ 18 ಇಂಚಿನ ತಿರುವಿನಲ್ಲಿ ಅದನ್ನು ಮುಂದಿನವು ಒಳಕ್ಕೆ ಎಳೆದು ಬೀಳಿಸುತ್ತವೆ. ಯಾವ ಚಕ್ರ ಇದ್ದರೂ ಅದು ನಿಲ್ಲದು.

ಇನ್ನು, ಚೆನ್ನಾಗಿ ಉರುಳುವುದೂ ಒಂದು ತೊಂದರೆಯೇ ಆಗಬಹುದು. ನನ್ನ ಯಾರ್ಡಿನ ಹಲಗೆ ಕಣ್ಣಿಗೆ ಕಾಣದಷ್ಟು ಓರೆಯಾಗಿದೆ ಎಂದು ನನಗೆ ತಿಳಿದದ್ದೇ ಲೋಹದ ಚಕ್ರ ಹಾಕಿದ ಮೇಲೆ. ರಾತ್ರಿ ನಿಲ್ಲಿಸಿದ ಟ್ಯಾಂಕ್ ವ್ಯಾಗನ್ ಬೆಳಿಗ್ಗೆ ನೋಡಿದರೆ ಬಫರ್‌ಗೆ ಮೂತಿ ತಾಗಿಸಿಕೊಂಡು ನಿಂತಿತ್ತು. ಈಗ ಯಾರ್ಡಿನ ಹಳಿಗಳ ನಡುವೆ ಪೊರಕೆಯ ನೈಲಾನ್ ಎಳೆಯ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಅಚ್ಚು ಅದಕ್ಕೆ ತಗುಲಿ ನಿಲ್ಲುತ್ತದೆ, ಎಂಜಿನ್ ಎಳೆದರೆ ಬಗ್ಗಿ ದಾರಿ ಬಿಡುತ್ತದೆ.

ಕಬೂಸಿನ ಒಳಗೆ ದೀಪ ಹಾಕುವ ಆಸೆ ಇದ್ದರೆ ಅದಕ್ಕೂ ಲೋಹದ ಚಕ್ರವೇ ಬೇಕು. ಆದರೆ ಚಕ್ರದಿಂದ ವಿದ್ಯುತ್ತು ತೆಗೆಯುವ ತಾಮ್ರದ ಪಟ್ಟಿ ಉಜ್ಜಿದಷ್ಟೂ ಉರುಳುವಿಕೆ ಕಡಿಮೆಯಾಗುತ್ತದೆ. ಒಂದು ಗಾಡಿಗೆ ಒಂದೇ ಕಬೂಸ್ ಆದ್ದರಿಂದ ಸಹಿಸಿಕೊಳ್ಳಬಹುದು.

---

ಕುವೆಂಪುನಗರದ ಹಳಿ (ಮೈಸೂರು)

ಎಲ್ಲರಿಗೂ ಕೃತಜ್ಞತೆಗಳು. ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಅಳೆದು ನೋಡಿದಾಗ ನನ್ನ 22 ವ್ಯಾಗನ್‌ಗಳಲ್ಲಿ 15ರ ಅಚ್ಚುಗಳು 25.7ರಿಂದ 25.9ರ ಒಳಗೆ ಇದ್ದವು. ಹಾಪರ್‌ಗಳ ಪೈಕಿ ನಾಲ್ಕರವು 25ಕ್ಕಿಂತ ಸ್ವಲ್ಪವೇ ಹೆಚ್ಚು; ಉಳಿದ ಮೂರರದು ಒಂದೊಂದು ಥರ. ಕೊಲಂಬಸ್‌ನವರ ಮಾತು ಕೇಳದೆ 88ನ್ನೂ ತರಿಸಿದ್ದರೆ 28 ಅಚ್ಚುಗಳು ನನ್ನ ಡ್ರಾಯರಿಗೂ ಸೇರುತ್ತಿದ್ದವು. ಸದ್ಯಕ್ಕೆ 33 ಇಂಚಿನ ನಾಲ್ಕು ಪೊಟ್ಟಣಗಳು, ಒಂದು ಗೇಜ್, ಒಂದು ಟ್ರಕ್ ಟ್ಯೂನರ್ ಬಂದಿವೆ.

ಹಿರಿಯರು ಹೇಳಿದಂತೆ ಪ್ರತಿಯೊಂದು ಚಕ್ರಜೋಡಿಯನ್ನೂ ಗೇಜಿಗೆ ಹಿಡಿದು ನೋಡಿದೆ; 48ರಲ್ಲಿ ಐದನ್ನು ಸರಿಸಬೇಕಾಯಿತು. ಹನ್ನೆರಡು ವ್ಯಾಗನ್‌ಗಳಿಗೆ ಚಕ್ರ ಬದಲಿಸಿದೆ. ಹಲಗೆಯ ಪರೀಕ್ಷೆಯಲ್ಲಿ ಮೊದಲು 30ರಿಂದ 41 ಮಿಲಿಮೀಟರಿನವರೆಗೆ ಇದ್ದವು ಈಗ 16ರಿಂದ 22ರ ನಡುವೆ ಉರುಳುತ್ತಿವೆ. ಎಂಜಿನ್ ಏರಿನಲ್ಲಿ ಹನ್ನೆರಡನ್ನೂ ಎಳೆಯಿತು. ಹದಿಮೂರನೆಯದಾಗಿ ಪ್ಲಾಸ್ಟಿಕ್ ಚಕ್ರದ ಹಾಪರೊಂದನ್ನು ಸೇರಿಸಿದಾಗ ಏರಿನ ತಿರುವಿನಲ್ಲಿ ಸೋತಿತು. ಸದ್ದು ಮಾತ್ರ ಬೇರೆಯೇ ಆಗಿದೆ. ಮೊದಲು ಸರಸರ ಎನ್ನುತ್ತಿದ್ದುದು ಈಗ ಹಳಿಯ ಪ್ರತಿ ಜೋಡಣೆಯಲ್ಲೂ ಟಕ್ ಟಕ್ ಎನ್ನುತ್ತದೆ. ಕೆಳಗಿನ ಕೋಣೆಯಲ್ಲಿ ಕುಳಿತವರಿಗೂ ಗಾಡಿ ಎಲ್ಲಿದೆ ಎಂದು ತಿಳಿಯುತ್ತಿದೆಯಂತೆ.

ಎರಡು ಹೊಸ ತೊಡಕುಗಳು ಎದುರಾಗಿವೆ. ಒಂದು ಟ್ಯಾಂಕ್ ವ್ಯಾಗನ್ ಹಳಿಯ ಮೇಲೆ ಇಟ್ಟೊಡನೆ ಶಾರ್ಟ್ ಆಗುತ್ತದೆ; ಅದರ ಟ್ರಕ್‌ಗಳು ಸ್ಪ್ರಿಂಗ್ ಇರುವ, ಲೋಹದ ಹಳೆಯ ಟ್ರಕ್‌ಗಳು. ಇನ್ನೊಂದು, ಕೊಂಡಿ ಬಿಚ್ಚಲು ಭಾವನವರು ಕೊಟ್ಟಿದ್ದ ಆಯಸ್ಕಾಂತದ ಪಟ್ಟಿಯನ್ನು ಹಳಿಗಳ ನಡುವೆ ಕೂರಿಸಿದ್ದೇನೆ. ಹೊಸ ಚಕ್ರದ ಕೆಲವು ವ್ಯಾಗನ್‌ಗಳು ಅದರ ಮೇಲೆ ಬಂದಾಗ ತಾವಾಗಿ ಮುಂದಕ್ಕೆ ಜಿಗಿದು ನಿಲ್ಲುತ್ತವೆ, ಬಿಚ್ಚಬಾರದ ಕಡೆ ಕೊಂಡಿ ಬಿಚ್ಚುತ್ತದೆ.

---

ಕೊಲಂಬಸ್ ಕನ್ನಡಿಗ (ಓಹಾಯೋ)

ಎರಡನೆಯದಕ್ಕೆ ಕಾರಣ ಉಕ್ಕಿನ ಅಚ್ಚು. ಆಯಸ್ಕಾಂತ ಅಚ್ಚನ್ನೇ ಎಳೆಯುತ್ತದೆ. ಮೊದಲು ಬಿಗಿಯಾಗಿ ಉರುಳುತ್ತಿದ್ದಾಗ ಆ ಎಳೆತ ಗೊತ್ತಾಗುತ್ತಿರಲಿಲ್ಲ, ಈಗ ಸಲೀಸಾಗಿರುವುದರಿಂದ ಎದ್ದು ಕಾಣುತ್ತಿದೆ. ಅಡುಗೆಮನೆಯ ಫ್ರಿಜ್ಜಿನ ಮೇಲಿನ ಆಯಸ್ಕಾಂತವನ್ನು ಹೊಸ ಚಕ್ರಜೋಡಿಗಳ ಹತ್ತಿರ ಹಿಡಿದು ನೋಡಿ: ಅಂಟಿದರೆ ಉಕ್ಕು, ಅಂಟದಿದ್ದರೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್. ಮುಂದಿನ ಸಲ ತರಿಸುವಾಗ ಅಂಟದ ಅಚ್ಚುಗಳನ್ನೇ ಕೇಳಿ. ಈಗಿರುವ ವ್ಯಾಗನ್‌ಗಳಲ್ಲಿ ಒಂದು ಅಚ್ಚಿಗೆ ತಾಗುವಂತೆ ಟ್ರಕ್ಕಿನ ಅಡ್ಡಪಟ್ಟಿಗೆ ಸ್ಪಂಜಿನ ಚೂರೊಂದನ್ನು ಅಂಟಿಸಿದರೆ ಜಿಗಿತ ನಿಲ್ಲುತ್ತದೆ. ಗಳಿಸಿದ ಲಾಭದಲ್ಲಿ ಸ್ವಲ್ಪವನ್ನು ಕೊಟ್ಟುಬಿಡುವುದು ನಿಜ, ಆದರೆ ಎಲ್ಲ ವ್ಯಾಗನ್‌ಗಳಿಗೂ ಬೇಕಾಗುವುದಿಲ್ಲ.

ಟ್ಯಾಂಕ್ ವ್ಯಾಗನ್ನಿನ ವಿಷಯ ಹೀಗೆ. ಒಂದು ಚಕ್ರ ಮಾತ್ರ ಬೇರ್ಪಟ್ಟಿರುವ ಜೋಡಿಗಳಲ್ಲಿ ಇನ್ನೊಂದು ಚಕ್ರ ಅಚ್ಚಿಗೂ, ಅಚ್ಚಿನ ಮೂಲಕ ಲೋಹದ ಟ್ರಕ್ಕಿಗೂ ವಿದ್ಯುತ್ತು ಕೊಡುತ್ತದೆ. ಒಂದೇ ಟ್ರಕ್ಕಿನಲ್ಲಿ ಒಂದು ಅಚ್ಚಿನ ಬುಷ್ ಎಡಕ್ಕೂ ಇನ್ನೊಂದರದು ಬಲಕ್ಕೂ ಬಂದರೆ ಎರಡು ಹಳಿಗಳೂ ಟ್ರಕ್ಕಿನಲ್ಲೇ ಕೂಡುತ್ತವೆ. ಪ್ಲಾಸ್ಟಿಕ್ ಟ್ರಕ್ಕಿನಲ್ಲಿ ಇದಕ್ಕೆ ಅರ್ಥವಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ನಿಮ್ಮ ಲೋಹದ ಟ್ರಕ್‌ಗಳಲ್ಲಿ ನಾಲ್ಕು ಬುಷ್‌ಗಳೂ ವ್ಯಾಗನ್ನಿನ ಒಂದೇ ಬದಿಗೆ ಬರುವಂತೆ ತಿರುಗಿಸಿ ಹಾಕಿ. ಬುಷ್ ಯಾವ ಕಡೆ ಇದೆ ಎಂದು ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅಚ್ಚಿಗೂ ಇನ್ನೊಂದನ್ನು ಚಕ್ರಕ್ಕೂ ಹಿಡಿದು ನೋಡಬಹುದು.

---

ನಿವೃತ್ತ ಟಿಎಕ್ಸ್‌ಆರ್ (ಹುಬ್ಬಳ್ಳಿ)

ಹೊಸ ಚಕ್ರಗಳು ಹೊಳೆಯುತ್ತಾ ಕಣ್ಣಿಗೆ ಹೊಡೆಯುತ್ತಿರುತ್ತವೆ ಎಂದು ಊಹಿಸುತ್ತೇನೆ. ನಿಜವಾದ ಚಕ್ರದಲ್ಲಿ ಹೊಳೆಯುವುದು ಹಳಿಗೆ ತಾಗುವ ಓಡುಮೈ ಮಾತ್ರ; ಮುಖವೆಲ್ಲ ಕಂದು ತುಕ್ಕಿನ ಬಣ್ಣ. ಎಣ್ಣೆ ತುಂಬುವ ಹಳೆಯ ಆಕ್ಸಲ್ ಬಾಕ್ಸಿನ ವ್ಯಾಗನ್‌ಗಳಲ್ಲಿ ಎಣ್ಣೆ ಸೋರಿ ಮುಖ ಕಪ್ಪಾಗಿ ಧೂಳು ಹಿಡಿದಿರುತ್ತಿತ್ತು. ರೋಲರ್ ಬೇರಿಂಗ್ ಬಂದ ಮೇಲೆ ತುಕ್ಕೇ ಕಾಣುತ್ತದೆ. ನಿಮ್ಮ ಬಾಕ್ಸ್ ಕಾರ್‌ಗಳು ಹಳೆಯ ಕಾಲದವಾದರೆ ಮಸಿಯ ಬಣ್ಣವನ್ನೇ ಹಚ್ಚಿ. ಓಡುಮೈಗೂ ಮೊನೆಗೂ ಬಣ್ಣ ತಾಗಬಾರದು.

ಟ್ರಕ್ಕಿನ ಸ್ಕ್ರೂಗಳನ್ನು ಮತ್ತೆ ಬಿಗಿಯುವಾಗ ಒಂದನ್ನು ಟ್ರಕ್ ತಿರುಗುವಷ್ಟು ಮಾತ್ರ ಸಡಿಲ ಬಿಟ್ಟು ಬಿಗಿ ಮಾಡಿ, ಇನ್ನೊಂದನ್ನು ಅಕ್ಕಪಕ್ಕ ಓಲಾಡುವಷ್ಟು ಸಡಿಲ ಬಿಡಿ. ಆಗ ವ್ಯಾಗನ್ ಮುಕ್ಕಾಲಿಯಂತೆ ಮೂರು ಬಿಂದುಗಳ ಮೇಲೆ ನಿಂತು, ಹಳಿ ಎಲ್ಲಿ ತಿರುಚಿದ್ದರೂ ಎಂಟು ಚಕ್ರಗಳೂ ಅದಕ್ಕೆ ತಾಗಿಯೇ ಇರುತ್ತವೆ. ಸರಿಸಿದ ಆ ಐದು ಚಕ್ರಜೋಡಿಗಳು ಯಾವ ವ್ಯಾಗನ್ನಿನಲ್ಲಿವೆ ಎಂದು ಅಡಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ತಿಂಗಳಾದ ಮೇಲೆ ಮತ್ತೊಮ್ಮೆ ಗೇಜಿಗೆ ಹಿಡಿಯಿರಿ.

---

ಕುವೆಂಪುನಗರದ ಹಳಿ (ಮೈಸೂರು)

ಟ್ಯಾಂಕ್ ವ್ಯಾಗನ್ ಸರಿಯಾಯಿತು; ನಾಲ್ಕರಲ್ಲಿ ಒಂದು ಅಚ್ಚು ಮಾತ್ರ ತಿರುಗಾಮುರುಗಾ ಇತ್ತು. ಜಿಗಿಯುವ ಮೂರು ವ್ಯಾಗನ್‌ಗಳಿಗೆ ಪಾತ್ರೆ ಉಜ್ಜುವ ಸ್ಪಂಜಿನ ಚೂರುಗಳನ್ನು ಅಂಟಿಸಿದ್ದೇನೆ. ಗಿಡ್ಡ ಅಚ್ಚಿನ ನಾಲ್ಕು ಹಾಪರ್‌ಗಳಿಗೆ ಬರಿಯ ಚಕ್ರಗಳನ್ನು ಹುಡುಕುವ ಬದಲು 36 ಇಂಚಿನ ಲೋಹದ ಚಕ್ರಗಳು ಕೂಡಿಯೇ ಬರುವ ಹೊಸ ಟ್ರಕ್‌ಗಳನ್ನು ಡಿಸೆಂಬರಿನಲ್ಲಿ ತರಿಸುವುದೆಂದು ನಿಶ್ಚಯಿಸಿದ್ದೇನೆ. ಐದು ವ್ಯಾಗನ್‌ಗಳ ಅಡಿಯಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ, ತಾರೀಖಿನ ಸಮೇತ.